ಭಾವನ ಕೈ ಮೆತ್ತಗಾದ ದಿನ

ನಮ್ಮ ಭಾವ ಗ್ಲೈಡರ್ ಮೈದಾನದಲ್ಲಿ ವಿಂಚ್ ಆಪರೇಟರ್. ಎಂಜಿನ್ ಇಲ್ಲದ ಆ ವಿಮಾನವನ್ನು ಮೈದಾನದ ಇನ್ನೊಂದು ತುದಿಯಿಂದ ಉದ್ದನೆಯ ಹಗ್ಗದಲ್ಲಿ ಸರ್ರನೆ ಎಳೆದು ಆಕಾಶಕ್ಕೆ ಏರಿಸುವುದು ಅವರ ಕೆಲಸ; ಪೂರ್ತಿ ಮೇಲೇರಿದ ಮೇಲೆ ಹಗ್ಗ ಕಳಚಿ ಬಿಡುವುದು ಹಾರಿಸುವವರ ಕೆಲಸ. ಆ ಯಂತ್ರ ನಡೆಸಲು ನನಗೂ ಬರುತ್ತದೆ, ಪರವಾನಗಿಯೂ ಇದೆ. ಆದರೆ ಭಾವ ಇರುವಾಗ ನನ್ನನ್ನು ಕೇಳುವವರು ಯಾರು?

ಹೊಸಬರಿಗೆಲ್ಲ ಅವರದು ಒಂದೇ ಪಾಠ. "ಜೋರಾಗಿ ಎಳೆದ್ರೆ ಬೈಸ್ಕೋತೀಯ, ಮೆಲ್ಲಗೆ ಎಳೆದ್ರೆ ಕೊಲ್ತೀಯ." ಮೂತಿ ಎತ್ತಿ ಏರುತ್ತಿರುವ ಗ್ಲೈಡರಿಗೆ ವೇಗ ಸಾಲದೆ ಹೋದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಪಕ್ಕಕ್ಕೆ ವಾಲಿ ಬಿದ್ದರೆ ಸುಧಾರಿಸಿಕೊಳ್ಳಲು ಅಷ್ಟು ಎತ್ತರವೂ ಇರುವುದಿಲ್ಲ. ಈ ಕೆಲಸದಲ್ಲಿ ಕರುಣೆ ತೋರಿಸುವುದೇ ಅಪಾಯ.

ಇಷ್ಟೆಲ್ಲ ಬಲ್ಲವರು, ಮಗಳು ಮೊದಲ ಸಲ ಒಬ್ಬಳೇ ಹಾರುವ ದಿನ ಸೀಟು ಬಿಟ್ಟುಕೊಡಬೇಕಿತ್ತು. "ನನ್ನ ಮಗಳನ್ನ ನಾನೇ ಏರಿಸ್ತೀನಿ" ಎಂದು ಹಟ ಹಿಡಿದರು. ನಾನು ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಗ್ಲೈಡರ್ ನೆಲ ಬಿಟ್ಟಿತು, ಮೂತಿ ಎತ್ತಿತು. ಪಕ್ಕದಲ್ಲಿ ನಿಂತಿದ್ದ ನನಗೆ ವಿಂಚಿನ ಎಂಜಿನ್ ಸದ್ದು ಇಳಿದದ್ದು ಕೇಳಿಸಿತು. ನೋಡಿದರೆ ಭಾವನ ಕೈ ತನ್ನಷ್ಟಕ್ಕೆ ತಾನೇ ವೇಗದ ಹಿಡಿಕೆಯನ್ನು ಹಿಂದಕ್ಕೆ ತರುತ್ತಿತ್ತು, ತೊಟ್ಟಿಲು ತೂಗುವವರ ಹಾಗೆ.

"ಭಾವ, ವೇಗ" ಎಂದೆ. ಅಷ್ಟರಲ್ಲಿ ಹುಡುಗಿ ಮೂತಿ ತಗ್ಗಿಸಿ, ಹಗ್ಗ ಬಿಟ್ಟು, ನೇರ ಎದುರಿಗೇ ಇಳಿಸಿಬಿಟ್ಟಳು. ತರಬೇತಿಯಲ್ಲಿ ಅವಳ ಮೇಡಂ ಅದನ್ನೇ ಹತ್ತಾರು ಸಲ ಮಾಡಿಸಿದ್ದರು, ಪುಣ್ಯ.

ಇಳಿದವಳೇ ನಮ್ಮ ಹತ್ತಿರ ನಡೆದು ಬಂದಳು. ಮುಖ ಬಿಳಿಚಿಕೊಂಡಿತ್ತು, ಮಾತು ಮಾತ್ರ ಗಟ್ಟಿ.

"ಅಪ್ಪ, ಬೇರೆಯವರ ಮಕ್ಕಳನ್ನ ಹೇಗೆ ಎಳೀತೀಯೋ ನನ್ನನ್ನೂ ಹಾಗೇ ಎಳಿ. ಇನ್ನೊಂದ್ಸಲ ಹೋಗ್ತೀನಿ, ಮೇಡಂ ರೇಡಿಯೋದಲ್ಲೇ ಒಪ್ಪಿದಾರೆ."

ಭಾವ ತಮ್ಮ ಕೈಯನ್ನೇ ನೋಡುತ್ತ ಕೂತರು. ಆಮೇಲೆ ಕೆಳಗಿಳಿದರು.

"ನನ್ನ ಕೈಲಿ ಆಗಲ್ಲ ಮಗಳೇ." ನನ್ನ ಕಡೆ ತಿರುಗಿದರು. "ನೀನು ಕೂತ್ಕೊಳೋ. ನಿನಗೆ ಕರುಳೇ ಇಲ್ಲ ಅಂತ ನಿಮ್ಮಕ್ಕ ದಿನಾ ಹೇಳ್ತಾಳೆ."

ಕೂತೆ. ಎತ್ತಿ ಆಡಿಸಿದ ಹುಡುಗಿ ಅವಳು, ಕರುಳು ಚುರುಕ್ ಅನ್ನದೆ ಇರುತ್ತದೆಯೇ? ಆದರೂ ಹಲ್ಲು ಕಚ್ಚಿಕೊಂಡು, ಹಿಡಿಕೆಯನ್ನು ಎಲ್ಲಿಡಬೇಕೋ ಅಲ್ಲೇ ಇಟ್ಟೆ. ಭಾವ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು.

"ಹಗ್ಗ ಬಿಟ್ಟಳೇನೋ?"

"ಬಿಟ್ಟಳು ಭಾವ. ಪೂರ್ತಿ ಎತ್ತರ ಹೋಗಿ ಬಿಟ್ಟಳು."

ಆಗಲೂ ಅವರು ತಲೆಯೆತ್ತಿ ನೋಡಲಿಲ್ಲ. ಹುಲ್ಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟರು.