ಬಂಗು ಮತ್ತು ತಾರಸಿಯ ಬಿಸಿಲು

ಕನ್ನಡಿಯ ಮುಂದೆ ನಿಂತಾಗ ನಾನು ಮುಖ ನೋಡಿಕೊಳ್ಳುವುದು ಕಡಿಮೆ, ನೋಡುವುದು ಬಂಗನ್ನು. ಎರಡು ಕೆನ್ನೆಗಳ ಮೇಲೂ ಒಂದೊಂದು ಮಚ್ಚೆ, ಚಹಾ ಚೆಲ್ಲಿದ ಮೇಜುಬಟ್ಟೆಯನ್ನು ಒಗೆದ ಮೇಲೂ ಉಳಿಯುವಂಥ ಕಂದು ಬಣ್ಣ. ಮೊದಲು ಬಂದದ್ದು ಎಡಗೆನ್ನೆಗೆ ಎಂದು ನಾನು, ಬಲಗೆನ್ನೆಗೆ ಎಂದು ನನ್ನ ಗಂಡ. ಆ ವರ್ಷದ ನನ್ನ ದಿನಚರಿಯಲ್ಲಿ ಕರೆಂಟು ಹೋದದ್ದು, ಟ್ರಾಮ್ ನಿಂತದ್ದು ಎಲ್ಲ ಇದೆ, ಕೆನ್ನೆಯ ಸುದ್ದಿ ಮಾತ್ರ ಇಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ಸ್ವಂತ ಕೆನ್ನೆಯ ಇತಿಹಾಸಕ್ಕೆ ಆಧಾರ ಒದಗಿಸಲಾರೆ ಎಂದರೆ ನೀವು ನಗಬಹುದು.

ಮಗಳು ಹೊಟ್ಟೆಯಲ್ಲಿದ್ದಾಗ ಬಂತು ಎಂಬುದಂತೂ ನಿಜ. ಬಾಣಂತನಕ್ಕೆ ಉಡುಪಿಯಿಂದ ಬಂದ ಅಮ್ಮ, "ಎಂತ ಮಗಳೇ, ಈ ಊರಿನ ಹೊಗೆಯೆಲ್ಲ ನಿನ್ನ ಮುಖದಲ್ಲೇ ಕೂತಿದಲ್ಲ" ಎಂದಿದ್ದಳು.

ಬ್ಯಾಂಕಿನವರು ಗಂಡನನ್ನು ಬಂಗಾಳದ ಬಂದರಿನ ಪಕ್ಕದ ಖಿದಿರ್‌ಪುರಕ್ಕೆ ವರ್ಗ ಮಾಡಿದ್ದರಿಂದ ಅಲ್ಲೇ ಒಂದು ಹಳೆಯ ಮನೆಯ ಎರಡನೆಯ ಮಹಡಿಯಲ್ಲಿದ್ದೆವು. ಚಳಿಗಾಲ ಬಂತೆಂದರೆ ಮನೆಯ ಹೆಂಗಸರೆಲ್ಲ ಮಧ್ಯಾಹ್ನ ತಾರಸಿಗೆ ಹೋಗಿ ಚಾಪೆ ಹಾಸಿ ಕೂರುವರು. ಕೆಳಮನೆಯ ಮಾಶಿಮಾ, ಅಂದರೆ ಆ ಊರಿನ ಮಾತಿನಲ್ಲಿ ಚಿಕ್ಕಮ್ಮ, ಬಂಗಾಳಿ ಬೆರೆತ ಹಿಂದಿಯಲ್ಲಿ ನನಗೆ ವೈದ್ಯ ಹೇಳಿದರು: ಕಿತ್ತಳೆ ತಿನ್ನು, ಸಿಪ್ಪೆಯನ್ನು ಹಾಲಿನ ಕೆನೆಯಲ್ಲಿ ಅರೆದು ಹಚ್ಚು, ಒಣಗುವ ತನಕ ಬಿಸಿಲಿಗೆ ಮುಖ ಕೊಟ್ಟು ಕೂರು. ನಾನು ನಮ್ಮೂರಿನ ಪಾಲೆಂದು ಅದಕ್ಕೆ ಅರಸಿನ ಸೇರಿಸಿದೆ. ಹಪ್ಪಳದ ಹಾಗೆ ಒಣಗಿದೆ.

ಆ ಮಧ್ಯಾಹ್ನಗಳನ್ನು ಹೇಗೆ ವರ್ಣಿಸಲಿ? ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಕಿತ್ತಳೆ ಬಣ್ಣ. ಉಣ್ಣೆ ಹೆಣೆಯುವ ಕಡ್ಡಿಗಳ ಸದ್ದು, ಅರ್ಧ ಅರ್ಥವಾಗುವ ಮಾತು. ದೂರದಲ್ಲಿ ಹಡಗು ಕೂಗಿದರೆ, ನಮ್ಮ ತಾರಸಿಯೇ ಮೆಲ್ಲಗೆ ಬಂದರು ಬಿಟ್ಟು ಹೊರಟಿತೇನೋ ಅನ್ನಿಸುತ್ತಿತ್ತು. ಯಾರ ಪರಿಚಯವೂ ಇಲ್ಲದ ಊರಿನಲ್ಲಿ ನನಗಾಗಿ ಸರಿದು ಜಾಗ ಕೊಟ್ಟದ್ದು ಆ ಚಾಪೆ ಒಂದೇ.

ಚಳಿಗಾಲ ಮುಗಿಯುವಷ್ಟರಲ್ಲಿ ಬಂಗು ಇನ್ನಷ್ಟು ಕಪ್ಪಾಯಿತು. ಮಾಶಿಮಾ ಗಲ್ಲ ಹಿಡಿದು ನೋಡಿ, "ಸಾಲದು ಬೌಮಾ, ನಾಳೆ ಬೇಗ ಬಾ" ಎಂದರು. ಅವರಿಗೆ ನಾವೆಲ್ಲ ಬೌಮಾ, ಸೊಸೆಯಂದಿರು. ಔಷಧಿ ಅಂಗಡಿಯಲ್ಲಿ ಕೊಟ್ಟ ಟ್ಯೂಬಿನಿಂದ ಕೆಲವು ವಾರ ಬೆಳ್ಳಗಾದ ಕೆನ್ನೆ ಆಮೇಲೆ ಕೆಂಪಾಗಿ ಉರಿಯತೊಡಗಿದಾಗ ಗಂಡ ಎಸ್ಪ್ಲನೇಡ್ ಬಳಿಯ ಚರ್ಮವೈದ್ಯೆಯ ಹತ್ತಿರ ಕರೆದೊಯ್ದರು.

ಡಾಕ್ಟರು ಟ್ಯೂಬನ್ನು ಬುಟ್ಟಿಗೆ ಎಸೆದರು. "ಸ್ಟೀರಾಯ್ಡ್. ಚರ್ಮ ತೆಳುವಾಗುತ್ತದೆ." ಬಂಗು ಕೊಳೆಯಲ್ಲ, ರಕ್ತದ ದೋಷವಲ್ಲ, ಬಸುರಿನಲ್ಲಿ ಚರ್ಮದ ಬಣ್ಣ ತಯಾರಿಸುವ ಕಣಗಳು ಅತಿಯಾಗಿ ದುಡಿಯುತ್ತವೆ, ಬಿಸಿಲು ಅವನ್ನು ಮಲಗಲು ಬಿಡುವುದಿಲ್ಲ ಎಂದು ವಿವರಿಸಿದರು. ಹೀಗೆಯೇ ಹೇಳಿದರೋ, ನಾನು ಹೀಗೆ ಕೇಳಿಸಿಕೊಂಡೆನೋ.

"ಕಿತ್ತಳೆ ಸಿಪ್ಪೆ ಹಚ್ಚಿ ಎಲ್ಲಿ ಕೂರುತ್ತಿದ್ದಿರಿ?"

"ತಾರಸಿಯಲ್ಲಿ. ಬಿಸಿಲಿಗೆ."

ಅವರು ಕನ್ನಡಕ ತೆಗೆದರು. "ಅಂದರೆ ದಿನವೂ ರೋಗವನ್ನು ಕೂರಿಸಿ ಊಟ ಹಾಕಿದ್ದೀರಿ."

ರಾತ್ರಿಗೆ ಒಂದು ಕ್ರೀಮು, ಹಗಲು ಬಿಸಿಲು ತಡೆಯಲು ಇನ್ನೊಂದು, ತಿಂಗಳುಗಟ್ಟಲೆ ತಾಳ್ಮೆ. ಮಾಸುತ್ತದೆ, ಬಿಸಿಲು ಕಂಡರೆ ಮರಳಿ ಬರುತ್ತದೆ. "ಚಳಿಗಾಲದ ಎಳೆಬಿಸಿಲಾದರೆ?" ಎಂದು ಕೇಳಿದೆ. ಕೆಳಗೆ ರಸ್ತೆಯಲ್ಲಿ ಕೆಂಪು ಬಾವುಟದ ಮೆರವಣಿಗೆ, ಯಾವುದೋ ನಡೆಯಕೂಡದೆಂದು "ಚೊಲ್ಬೇ ನಾ, ಚೊಲ್ಬೇ ನಾ" ಎಂದು ಕೂಗುತ್ತಿತ್ತು. ಡಾಕ್ಟರು ಪೆನ್ನಿನಿಂದ ಕಿಟಕಿಯ ಕಡೆ ತೋರಿಸಿದರು. "ಕೇಳಿದಿರಲ್ಲ?"

ಮುಂದಿನ ಚಳಿಗಾಲ ನಾನು ಮೇಲೆ ಹೋಗಲಿಲ್ಲ. ಮುಖ ತಿಳಿಯಾಯಿತು. "ಈಗ ಲಾಯ್ಕ ಕಾಣ್ತದೆ ಮಾರಾಯ್ತಿ" ಎಂದರು ಗಂಡ. ತಲೆಯ ಮೇಲಿನ ಸೂರಿನಾಚೆಯಿಂದ ಅವರೆಲ್ಲರ ನಗು ಕೇಳಿಸುತ್ತಿತ್ತು. ಮೊದಮೊದಲು ಮೆಟ್ಟಿಲಿನಿಂದ ಕರೆಯುತ್ತಿದ್ದ ಮಾಶಿಮಾ ಆಮೇಲೆ ಕರೆಯುವುದನ್ನು ನಿಲ್ಲಿಸಿದರು. ತಿಳಿಯಾದ ಮುಖವನ್ನು ಯಾರಿಗೆ ತೋರಿಸಲಿ ಎಂದು ತಿಳಿಯದೆ ನಾನು ಕನ್ನಡಿಗೇ ತೋರಿಸುತ್ತಿದ್ದೆ.

ಕೊನೆಗೆ ಒಂದು ದಿನ ಅವರೇ ಬಾಗಿಲಿಗೆ ಬಂದು, "ನಮ್ಮ ಮೇಲೆ ಕೋಪವೇ?" ಎಂದರು. ಡಾಕ್ಟರು ಹೇಳಿದ್ದನ್ನು ಹೇಳಿದೆ.

"ಹಾಗಾದರೆ ನಿನ್ನ ಮುಖ ಕೆಡಿಸಿದ್ದು ನಾನೇ."

"ನೀವಲ್ಲ ಮಾಶಿಮಾ, ಬಿಸಿಲು."

"ಬಿಸಿಲಿಗೆ ಕೂರಿಸಿದ್ದು ಯಾರು?" ಎಂದು ಕೆಳಗಿಳಿದು ಹೋದರು.

ಮರುದಿನ ಮುಖಕ್ಕೆ ಕ್ರೀಮು ಮೆತ್ತಿಕೊಂಡು, ಗಂಡನ ಕರಿ ಕೊಡೆ ಬಿಡಿಸಿ ತಾರಸಿ ಹತ್ತಿದೆ. "ಅಗೋ, ಮಳೆ ಬಂತು" ಎಂದರು ಯಾರೋ. ಮಾಶಿಮಾ ನಗಲಿಲ್ಲ, ಸರಿದು ಚಾಪೆಯ ಮೇಲೆ ಜಾಗ ಮಾಡಿದರು. ಸೂರ್ಯ ಸರಿದಂತೆ ಕೊಡೆಯನ್ನು ಸರಿಸುವ ಕೆಲಸವನ್ನೂ ತಾವೇ ವಹಿಸಿಕೊಂಡರು.

ಬಂಗು ಪೂರ್ತಿ ಹೋಗಲಿಲ್ಲ. ಕೊಡೆಯ ಅಡಿಗೂ ತಾರಸಿಯ ಬಿಸಿಲು ಹೊರಳಿ ಬರುತ್ತದೆ ಎಂದು ಡಾಕ್ಟರು ಗದರಿದರು. ಇರಬಹುದು. ಉಳಿದಿರುವ ಆ ತೆಳು ಕಂದನ್ನು ಚಾಪೆಯಲ್ಲಿನ ನನ್ನ ಜಾಗದ ಬಾಡಿಗೆ ಎಂದುಕೊಂಡಿದ್ದೇನೆ. ಹೆಚ್ಚಾಯಿತೆಂದು ಈವರೆಗೆ ಅನ್ನಿಸಿಲ್ಲ.