ಲೀನ್, ಲ್ಯಾಡರ್ ಮತ್ತು ನಮ್ಮ ಗೋಡೆ

ಮುಂಬಯಿ ಹತ್ತಿರದ ಕಲ್ಯಾಣದ ನಮ್ಮ ಮನೆಯ ಹಾಲ್‌ನಲ್ಲಿ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ತಟ್ಟೆಯಗಲದ ಎಣ್ಣೆ ಕಲೆಯೊಂದಿತ್ತು. ಅದು ನನ್ನ ಯಜಮಾನರ ತಲೆಯದು. ಭಾನುವಾರ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಚಾಪೆ ಹಾಸಿ, ಆ ಗೋಡೆಗೆ ಒರಗಿ ಇಂಗ್ಲಿಷ್ ನಿಘಂಟು ಓದುತ್ತಿದ್ದರು. ವಾರವಿಡೀ ಲೋಕಲ್ ರೈಲಿನಲ್ಲಿ ಬಾಗಿಲ ಪಕ್ಕದ ತಗಡಿಗೆ ಒರಗಿ ನಿಂತು ಹೋಗುವವರಿಗೆ ಭಾನುವಾರ ಕೂತು ಒರಗುವುದೇ ರಜೆ.

ಒಂದು ವಾರ ಸಿಕ್ಕ ಪದ ‘ಲೀನ್’, ಅಂದರೆ ಒರಗುವುದು.

“ಇದೂ ಲ್ಯಾಡರೂ ಒಂದೇ ಬೇರಿಂದ ಬಂದದ್ದು ಕಣೇ. ಒರಗಿ ನಿಲ್ಲುತ್ತಲ್ಲ, ಅದಕ್ಕೇ ಏಣಿಗೆ ಆ ಹೆಸರು. ಕ್ಲಿನಿಕ್ಕೂ ಅದೇ ವಂಶ. ಗ್ರೀಕರು ಒರಗೋ ಮಂಚದಿಂದ ಬಂತು.”

“ಹಾಗಾದ್ರೆ ಡಾಕ್ಟರ ಹತ್ರ ಏಣಿ ಹತ್ಕೊಂಡೇ ಹೋಗೋಣ. ಮೊದಲು ಏಳಿ, ಗೋಡೆ ನೋಡಿ ಹೇಗಾಗಿದೆ.”

ಅವರು ಇನ್ನಷ್ಟು ಒರಗಿದರು.

ಅವರು ಹೋಗಿ ವರ್ಷವಾಗುತ್ತ ಬಂದಾಗ, ನವಿ ಮುಂಬಯಿಯ ಕಾಮೋಠೆಯಲ್ಲಿರುವ ಮಗಳು ವರ್ಷಾಬ್ದಿಕಕ್ಕೆ ಮೊದಲು ಮನೆಗೆ ಬಣ್ಣವಾಗಲೇಬೇಕೆಂದು ಪೇಂಟರನ್ನು ಕಳಿಸಿದಳು. ಆ ಕಲೆ ನನಗೆ ಬೇಕು ಎನ್ನಲು ನಾಚಿಕೆ. ಮೂವತ್ತು ವರ್ಷ ಅದನ್ನು ಬೈದವಳೇ ನಾನು.

ಪೇಂಟರ್ ಕಲಬುರಗಿ ಕಡೆಯವನು. ಮೂರು ಗೋಡೆ ಮುಗಿಸಿ, ಏಣಿಯನ್ನು ತಂದು ಕಲೆಯ ಪಕ್ಕಕ್ಕೇ ಒರಗಿಸಿದ. ಇವರು ಇದ್ದಿದ್ದರೆ “ನೋಡಿದೆಯಾ” ಎಂದು ವಾರಪೂರ್ತಿ ಹೇಳುತ್ತಿದ್ದರು.

“ಅವ್ವಾರ, ಇದು ಎಣ್ಣಿ. ಹಂಗೇ ಬಣ್ಣ ಹಚ್ಚಿದ್ರ ಮತ್ತ ಮ್ಯಾಲೆ ಬರ್ತದ. ಉಜ್ಜಿ ತೆಗ್ದು ಪ್ರೈಮರ್ ಹೊಡೀಬೇಕು.”

“ಉಜ್ಜದಿದ್ರೆ ಖಂಡಿತ ಬರುತ್ತಾ?”

“ಬಂದೇ ಬರ್ತದ. ಆಮ್ಯಾಲ ನನಗ ಬೈಬ್ಯಾಡ್ರಿ.”

“ಹಾಗಿದ್ರೆ ಉಜ್ಜಬೇಡಪ್ಪ. ಹಂಗೇ ಹಚ್ಚು.”

“ಎಲ್ಲಾರೂ ಕಲೆ ಹೋಗ್ಲಿ ಅಂತಾರ. ನೀವೊಬ್ಬರ ನೋಡ್ರಿ,” ಎಂದು ಬಣ್ಣದ ಕೈಯಲ್ಲೇ ತಲೆ ಕೆರೆದುಕೊಂಡ.

ಸಂಜೆ ಮಗಳ ಫೋನು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಮಮ್ಮಿ, ಪಪ್ಪಾ ಕಾ ದಾಗ್ ಗಯಾ ನಾ?”

“ಕಲೆ ಹೋಯ್ತು,” ಎಂದೆ. ಅವತ್ತಿನ ಮಟ್ಟಿಗೆ ಅದು ಸುಳ್ಳಲ್ಲ. ವರ್ಷಾಬ್ದಿಕದ ದಿನ ಗೋಡೆ ಹಾಲಿನಂತಿತ್ತು. ಬಂದವರೆಲ್ಲ ಹೊಗಳಿದರು. ನಾನು ಮಾತ್ರ ಆ ಕಡೆ ನೋಡಲಿಲ್ಲ.

ಎರಡು ತಿಂಗಳಾದ ಮೇಲೆ, ಮೊನ್ನೆ ಕಸ ಗುಡಿಸುವಾಗ ಕಣ್ಣಿಗೆ ಬಿತ್ತು. ಎರಡೂವರೆ ಅಡಿ ಎತ್ತರದಲ್ಲಿ, ದೋಸೆಯ ಅಂಚಿನಷ್ಟು ತೆಳುವಾದ ಹಳದಿ. ಪೊರಕೆ ಬದಿಗಿಟ್ಟು ಸ್ವಲ್ಪ ಹೊತ್ತು ಅದರ ಪಕ್ಕ ಒರಗಿ ಕೂತೆ.

ಭಾನುವಾರ ಮಗಳು ಬರುತ್ತಾಳೆ. ಪೇಂಟರನ್ನು ಬೈಯದೆ ಬಿಡುವುದಿಲ್ಲ. ಪಾಪ, ಅವನ ಪರವಾಗಿ ನಾನೇ ಮಾತಾಡಬೇಕು.