ಉತ್ತರಕ್ಕಿಟ್ಟ ಕಿಟಕಿ

ಮೈಸೂರಿನ ಚಿದಾನಂದ ಓದಲೆಂದು ನ್ಯೂಜಿಲೆಂಡಿಗೆ ಬಂದ ಮೊದಲ ವರ್ಷ, ಪಾಮರ್ಸ್ಟನ್ ನಾರ್ತ್‌ನಲ್ಲಿ ದಕ್ಷಿಣಕ್ಕೆ ಕಿಟಕಿಯಿದ್ದ ಅಗ್ಗದ ಕೋಣೆ ಹಿಡಿದು ಚಳಿಗಾಲವಿಡೀ ಗೋಡೆಯ ಬೂಷ್ಟು ಒರೆಸುತ್ತ ಕಳೆದ. ಈ ದೇಶದಲ್ಲಿ ಬಿಸಿಲು ಬರುವುದು ಉತ್ತರದ ಕಡೆಯಿಂದ ಎಂಬುದನ್ನು ಅವನು ಪುಸ್ತಕಕ್ಕಿಂತ ಮೊದಲು ಕೆಮ್ಮಿನಿಂದ ಕಲಿತ. ಆಮೇಲೆ ಮರೆಯಲಿಲ್ಲ. ಅಪ್ಪರ್ ಹಟ್ ಎಂಬ ಊರಿನ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಮನೆಗಳ ನಕ್ಷೆ ಬರೆದ. ಗೆರೆ ಎಳೆಯುವ ಮುಂಚೆಯೇ ದೊಡ್ಡ ಕಿಟಕಿ ಉತ್ತರಕ್ಕೆ ಹೋಗಿ ಕೂತಿರುತ್ತಿತ್ತು. ಹೀಟರ್ ಇಲ್ಲದೆ ಬಿಸಿಲಿನಲ್ಲೇ ಬೆಚ್ಚಗಿರುವ ಮನೆ ಬೇಕೆಂದರೆ ಅವನನ್ನೇ ಕೇಳಬೇಕು ಎಂಬ ಹೆಸರಿತ್ತು. ಹೆಸರು ಬಂದವರಿಗೆ ಅಂಟುವ ಕಾಯಿಲೆಯೂ ಇತ್ತು: ಎದುರಿನವರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟುಬಿಡುತ್ತಿದ್ದ.

ಭೂಮಿಯ ಮೇಲರ್ಧದಲ್ಲಿ, ಯುದ್ಧಕ್ಕೆ ಸಿಕ್ಕಿ ನೆಲಸಮವಾಗಿದ್ದ ಒಂದು ಬೆಟ್ಟದೂರಿಗೆ ಮನೆ ಕಟ್ಟಿಕೊಡಲು ಗೆಳೆಯ ಪ್ರಮೋದನ ಸಣ್ಣ ಸಂಘ ಹೊರಟಾಗ, ನಕ್ಷೆಯ ಕೆಲಸ ತಾನಾಗಿಯೇ ಚಿದಾನಂದನ ಪಾಲಿಗೆ ಬಂತು. ಆ ಊರಿನಲ್ಲಿ ಕರೆಂಟಿಲ್ಲ. ಇದ್ದ ಮರಗಳೆಲ್ಲ ಯುದ್ಧದ ಎರಡು ಚಳಿಗಾಲಗಳಲ್ಲಿ ಉರಿದುಹೋಗಿದ್ದವು. ಇದ್ದ ಒಬ್ಬ ಎಂಜಿನಿಯರ್ ಸತ್ತಿದ್ದ. ಬಿದ್ದ ಮನೆಗಳ ಪುಡಿಗೆ ಜೇಡಿಮಣ್ಣು ಕಲಸಿ ಒತ್ತಿದ ಇಟ್ಟಿಗೆ, ಹಗಲಿನ ಬಿಸಿಯನ್ನು ರಾತ್ರಿಗೆ ಹಿಡಿದಿಡುವ ದಪ್ಪ ಗೋಡೆ, ಒಂದೇ ದೊಡ್ಡ ಕಿಟಕಿ. ಆರು ತಿಂಗಳು ಶನಿವಾರ ಭಾನುವಾರ ಎನ್ನದೆ ಪ್ರೀತಿಯಿಂದ ಬರೆದ. ಇಪ್ಪತ್ತಾರು ಮನೆಗಳು ಎದ್ದವು.

ಜನವರಿಯಲ್ಲಿ ಅಲ್ಲಿಂದ ಫೋಟೊ ಬಂತು. ಇಲ್ಲಿ ಸುಡುಬೇಸಿಗೆ, ಅಲ್ಲಿ ಮೊಣಕಾಲಿನವರೆಗೆ ಹಿಮ. ಚಿದಾನಂದ ಹೆಂಡತಿ ವೇದಾಳನ್ನು ಕರೆದು ತೋರಿಸಿದ.

"ತುಂಬ ಚೆನ್ನಾಗಿದೆ ಕಣ್ರೀ. ಆದ್ರೆ ಕಿಟಕಿ ಮುಂದೇನೇ ಮನೆ ನೆರಳು ಬಿದ್ದಿದೆಯಲ್ಲ, ಯಾಕೆ?"

ಚಿದಾನಂದ ಫೋಟೊ ದೊಡ್ಡದು ಮಾಡಿ ನೋಡಿದ. ಅಲ್ಲಿ ಬಿಸಿಲು ಬರುವುದು ದಕ್ಷಿಣದಿಂದ. ಚಿಕ್ಕ ಹುಡುಗನಿಗೂ ಗೊತ್ತಿರುವ ಸಂಗತಿ, ಅವನಿಗೂ ಗೊತ್ತಿದ್ದ ಸಂಗತಿ. ಆದರೆ ಕೈ ತನ್ನ ಅಭ್ಯಾಸದಂತೆ ಕಿಟಕಿಯನ್ನು ಉತ್ತರಕ್ಕೆ ಇಟ್ಟಿತ್ತು, ತಲೆ ಅದನ್ನು ತಡೆದಿರಲಿಲ್ಲ.

ಹಳೆಯ ಮೇಲ್‌ಗಳನ್ನು ಹುಡುಕಿದ. ಅಲ್ಲಿಯ ಮುದುಕ ಮೇಸ್ತ್ರಿ ತನ್ನ ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿದ್ದ: ನಮ್ಮ ಹಳೆಯ ಮನೆಗಳ ಕಿಟಕಿಗಳು ದಕ್ಷಿಣಕ್ಕಿದ್ದವು, ಇದು ಸರಿಯೇ? ಕೆಳಗೆ ಚಿದಾನಂದನದೇ ಉತ್ತರ: ದಯವಿಟ್ಟು ನಕ್ಷೆಯಲ್ಲಿದ್ದಂತೆಯೇ ಕಟ್ಟಿ. ಅದನ್ನು ಬರೆದದ್ದು ಅವನಿಗೆ ನೆನಪೂ ಇರಲಿಲ್ಲ.

ಪ್ರಮೋದನಿಗೆ ಫೋನ್ ಮಾಡಿದರೆ ಅವನು, "ಹೇಳ್ಬೇಡ ಮಾರಾಯ. ಗಾಜು ಸರಿಯಿಲ್ಲ ಅಂದುಬಿಡೋಣ. ಸಂಘದ ಹೆಸರು ಏನಾಗ್ಬೇಕು?" ಎಂದ. ಆ ಮಾತಿಗೆ ಒಂದು ಗಳಿಗೆ ಮನಸ್ಸು ಜಾರಿದ್ದು ನಿಜ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಗಳು ಲಾಸ್ಯಾ, "ಅಪ್ಪಾ, ಯು ಹ್ಯಾವ್ ಟು ಟೆಲ್ ದೆಮ್," ಎಂದಳು.

ಸಂಜೆ ಎಂಟರ ಬಿಸಿಲಿನಲ್ಲಿ ಕೂತು ಫೋನ್ ಮಾಡಿದ. ಮೇಸ್ತ್ರಿ ಮಾತಾಡುತ್ತಿದ್ದ, ಅವನ ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಚಿದಾನಂದ ಸುತ್ತಿ ಬಳಸಲಿಲ್ಲ. ತಪ್ಪು ನನ್ನದು, ನೀವು ಕೇಳಿದಾಗಲೂ ನಾನು ಯೋಚಿಸಲಿಲ್ಲ ಎಂದ.



"ನಮಗೆ ಗೊತ್ತಿತ್ತು," ಎಂದ ಮೇಸ್ತ್ರಿ. "ನಲವತ್ತು ವರ್ಷ ಮನೆ ಕಟ್ಟಿದವನು ನಾನು. ಓದಿದವರು ಹೇಳಿದ್ದಾರೆ, ನಮಗೆ ತಿಳಿಯದ್ದು ಏನೋ ಇರಬೇಕು ಅಂತ ಸುಮ್ಮನಾದೆ. ಈಗ ಎಲ್ಲರೂ ಕಿಟಕಿಗೆ ಇಟ್ಟಿಗೆ ಪೇರಿಸಿ ಮುಚ್ಚಿದ್ದಾರೆ. ನನ್ನ ತಾಯಿ ಮಾತ್ರ ಮುಚ್ಚಲು ಬಿಡಲಿಲ್ಲ. ಅಷ್ಟು ದೂರದವರು ನಮಗೋಸ್ಕರ ಇಟ್ಟ ಕಿಟಕಿ, ಬಿಸಿಲು ಬಂದೇ ಬರುತ್ತದೆ ಅಂತ ದಿನವೂ ಅದರ ಮುಂದೆಯೇ ಕೂರುತ್ತಿದ್ದಳು."

"ಈಗ ಹೇಗಿದ್ದಾರೆ?" ಎಂದು ಕೇಳಿದ ಚಿದಾನಂದ.

ಮಗಳು ಆ ಪ್ರಶ್ನೆಯನ್ನು ಅಪ್ಪನಿಗೆ ದಾಟಿಸಲಿಲ್ಲ. ಸಣ್ಣ ದನಿಯಲ್ಲಿ ತಾನೇ ಉತ್ತರಿಸಿದಳು.

"ಅಜ್ಜಿಯನ್ನು ಮೊನ್ನೆ ಮಣ್ಣು ಮಾಡಿದೆವು."